ತ್ಯಾಗರ್ತಿಯ ಅರ್ಕಾವತ್ತು ಸರಿ ಕೂತಿದೆ: ಜಾಸ್ಪರ್‌ರಿಪೋರ್ಟ್ಸ್ ಜೊತೆ ಹಲವು ಸುಗ್ಗಿಗಳು

ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಿಡಿಎಫ್ ಮಾಡಿಕೊಡುವ ಲೈಬ್ರರಿಗಳಿಗೆ, ಅಂದರೆ ಸಿದ್ಧ ಕೋಡಿನ ಕಟ್ಟುಗಳಿಗೆ, ಬರವಿಲ್ಲ. ಕನ್ನಡವನ್ನು ಕನ್ನಡದ ಹಾಗೆ ಮೂಡಿಸುವವು ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಶಿವಮೊಗ್ಗದ ಅಡಿಕೆ ಮಂಡಿಯೊಂದರ ವೆಬ್ ಅಪ್ಲಿಕೇಶನ್ ನನ್ನ ಸುಪರ್ದಿಯಲ್ಲಿದೆ. ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನ ಮೇಲೆ ಓಡುತ್ತದೆ. ಬೆಳೆಗಾರರ ಪಟ್ಟಿ (ಅಡಿಕೆ ಮಾರಿದ್ದರ ಲೆಕ್ಕದ ಚೀಟಿ), ಮುಂಗಡದ ಲೆಕ್ಕ, ವರ್ಷದ ಖಾತೆ ಎಲ್ಲವೂ ಅಲ್ಲಿಂದಲೇ ಪಿಡಿಎಫ್ ಆಗಿ ಹೊರಡುತ್ತವೆ. ಹಲವು ಸುಗ್ಗಿಗಳಿಂದ ಈ ಕೆಲಸ ಮಾಡುತ್ತಿರುವುದು ಅಂಥದೊಂದು ಲೈಬ್ರರಿಯಾದ ಜಾಸ್ಪರ್‌ರಿಪೋರ್ಟ್ಸ್. ಚಾರ್ಟು, ಎಕ್ಸೆಲ್, ಸಬ್‌ರಿಪೋರ್ಟ್ ಬಗ್ಗೆ ನೀವು ಓದಿಯೇ ಇರುತ್ತೀರಿ, ಅವನ್ನು ಬಿಡುತ್ತೇನೆ. ನನಗೆ ಮುಖ್ಯವಾದದ್ದು ಒತ್ತಕ್ಷರ ತನ್ನ ಜಾಗದಲ್ಲಿ ಕೂರುತ್ತದೆಯೋ ಇಲ್ಲವೋ ಎಂಬುದು.

ನಮ್ಮ ಕಡೆಯ ಊರುಗಳನ್ನೇ ನೋಡಿ: ತೀರ್ಥಹಳ್ಳಿ, ತ್ಯಾಗರ್ತಿ, ಮೃಗವಧೆ, ಮಂಡಗದ್ದೆ, ರಿಪ್ಪನ್‌ಪೇಟೆ. ಅಡಿಕೆಯ ಬಗೆಗಳಲ್ಲಿ ರಾಶಿ, ಸರಕು, ಗೊರಬಲು ಹೇಗೋ ಪಾರಾದರೂ ಬೆಟ್ಟೆ ಸಿಕ್ಕಿಬೀಳುತ್ತದೆ. ಕಂಪ್ಯೂಟರಿಗೆ ‘ರ್ತಿ’ ಎಂದರೆ ರ, ವಿರಾಮ, ತ, ಗುಡಿಸು ಎಂಬ ನಾಲ್ಕು ಸಂಕೇತಗಳು. ತಕಾರಕ್ಕೆ ಗುಡಿಸು ಹಚ್ಚಿ ಪಕ್ಕಕ್ಕೆ ಅರ್ಕಾವತ್ತು ಇಡಬೇಕೆಂದು ಹೇಳುವ ಕೋಷ್ಟಕಗಳು ಫಾಂಟಿನೊಳಗೇ ಇರುತ್ತವೆ. ಅವನ್ನು ಓದುವ ಶೇಪಿಂಗ್ ಎಂಜಿನ್ ಬೇಕು, ಅಷ್ಟೆ. ಬ್ರೌಸರಿನಲ್ಲಿ ಅದಿದೆ. ಜಾವಾದ ಹೆಚ್ಚಿನ ಪಿಡಿಎಫ್ ಲೈಬ್ರರಿಗಳು ಒಂದು ಸಂಕೇತಕ್ಕೆ ಒಂದು ಗ್ಲಿಫ್ (ಫಾಂಟಿನಲ್ಲಿರುವ ಆಕೃತಿ) ಎಂದು ಸಾಲಾಗಿ ಇಡುತ್ತಾ ಹೋಗುತ್ತವೆ. ಇಂಗ್ಲಿಷಿಗೆ ಅದು ಧಾರಾಳ ಸಾಕು, ತೀರ್ಥಹಳ್ಳಿ ಮಾತ್ರ ಚೂರಾಗುತ್ತದೆ.

ಜಾಸ್ಪರ್ ಕೂಡ ಇದ್ದಂತೆಯೇ ಬಿಟ್ಟರೆ ಹೀಗೇ. ವಿನ್ಯಾಸದ ಪರದೆಯಲ್ಲಿ ಪ್ರಿವ್ಯೂ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಅಲ್ಲಿ ಬಿಡಿಸುವುದು ಪರದೆಯ ಮೇಲೆ ಚಿತ್ರಿಸಲೆಂದೇ ಇರುವ ಜಾವಾದ ಸ್ವಂತ ಭಾಗ, ಎಡಬ್ಲ್ಯೂಟಿ. ಪಿಡಿಎಫ್ ತೆಗೆದಾಗ ಒತ್ತುಗಳು ಕಳಚಿರುತ್ತವೆ. ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ, ಕೈಬಿಡಬೇಡಿ. ಪಿಡಿಎಫ್ ರಫ್ತಿನ ಪ್ರಾಪರ್ಟಿಗಳಲ್ಲಿ, ಅಂದರೆ ಸೆಟ್ಟಿಂಗುಗಳಲ್ಲಿ, ‘ಗ್ಲಿಫ್ ರೆಂಡರರ್ ಬ್ಲಾಕ್ಸ್’ ಎಂದೊಂದಿದೆ. ಅದಕ್ಕೆ ಯೂನಿಕೋಡ್ ಬ್ಲಾಕಿನ (ಒಂದು ಲಿಪಿಯ ಸಂಕೇತಗಳ ಗುಂಪಿನ) ಹೆಸರು ಕೊಡಬೇಕು, ನಮಗೆ ಕನ್ನಡ. ಆಮೇಲೆ ಆ ಲಿಪಿಯ ಪಠ್ಯ ಎಲ್ಲಿ ಬಂದರೂ ಜಾಸ್ಪರ್ ಅದನ್ನು ಮೊದಲು ಎಡಬ್ಲ್ಯೂಟಿಗೆ ಕೊಟ್ಟು, ಅದು ಜೋಡಿಸಿದ ಗ್ಲಿಫ್‌ಗಳನ್ನೇ ಪಿಡಿಎಫ್‌ಗೆ ಇಳಿಸುತ್ತದೆ. 2017ರಲ್ಲಿ ಬಂದ ಜಾವಾ 9ರಿಂದ ಅದರ ಮುಕ್ತ ರೂಪವಾದ ಓಪನ್‌ಜೆಡಿಕೆಯ ಶೇಪಿಂಗ್ ಎಂಜಿನ್ ಹಾರ್ಫ್‌ಬಝ್. ಕ್ರೋಮ್ ಮತ್ತು ಆಂಡ್ರಾಯ್ಡ್ ಬಳಸುವುದೂ ಅದನ್ನೇ. ನೋಟೋ ಸಾನ್ಸ್ ಕನ್ನಡ ಎಂಬ ಫಾಂಟನ್ನು ಫಾಂಟ್ ಎಕ್ಸ್‌ಟೆನ್ಶನ್ ಜಾರ್ (ಜಾವಾ ಕಡತಗಳ ಕಟ್ಟು) ಮಾಡಿ, ಪಿಡಿಎಫ್ ಒಳಗೇ ಸೇರುವಂತೆ ಎಂಬೆಡ್ ಎಂದು ಗುರುತು ಹಾಕಿ, ಈ ಪ್ರಾಪರ್ಟಿಯ ಸಾಲು ಸೇರಿಸಿದರೆ ಕೆಲಸ ಆಯಿತು. ಮೃಗವಧೆಯ ವಟ್ರಸುಳಿ, ಕೃಷ್ಣಮೂರ್ತಿಯ ಮೂರ್ತಿ, ಲಕ್ಷ್ಮಮ್ಮನ ಎರಡೆರಡು ಒತ್ತು, ಎಲ್ಲವೂ ಕೈಬರಹದ ಪಟ್ಟಿಯಲ್ಲಿದ್ದಂತೆ ಮೂಡಿದ್ದನ್ನು ಕಂಡ ಖುಷಿ ನನಗೆ ಇಂದಿಗೂ ಇಳಿದಿಲ್ಲ. ಬೆಳೆಗಾರ ತನ್ನ ಹೆಸರನ್ನು ತಾನು ಬರೆಯುವ ಹಾಗೆಯೇ ಓದಬೇಕು. ವರ್ಷದ ದುಡಿಮೆಯ ಲೆಕ್ಕ ಇರುವ ಕಾಗದ ಅದು.

ಆ ಖುಷಿಯಿಂದ ಒಂದು ಅಭ್ಯಾಸ ಬೆಳೆದಿದೆ. ಟೆಂಪ್ಲೇಟಿನಲ್ಲಿ ಏನೇ ಮುಟ್ಟಿರಲಿ, ಜಾವಾ ಆವೃತ್ತಿಯೇ ಬದಲಾಗಿರಲಿ, ಮಂಡಿ ಬಾಗಿಲು ತೆರೆಯುವ ಮೊದಲು ಊರುಗಳ ಹಾಳೆಯೊಂದನ್ನು ಪಿಡಿಎಫ್ ಮಾಡಿ ಪ್ರಿಂಟ್ ತೆಗೆಯುತ್ತೇನೆ. ಪರದೆಯನ್ನು ನಂಬುವುದಿಲ್ಲ, ಕಾಗದವೇ ಬೇಕು. ಕಾಫಿ ಹಿಡಿದು ಒಂದೊಂದೇ ಊರಿನ ಮೇಲೆ ಬೆರಳಿಡುತ್ತಾ ಹೋಗುತ್ತೇನೆ. ಮೊದಲು ಅರ್ಕಾವತ್ತಿನ ಊರುಗಳು, ಆಮೇಲೆ ಸಜಾತಿ ಒತ್ತಿನವು, ಕೊನೆಗೆ ರಿಪ್ಪನ್‌ಪೇಟೆ. ಅದನ್ನು ಕೊನೆಗೆ ಇಟ್ಟುಕೊಂಡಿರುವುದಕ್ಕೆ ಕಾರಣವಿದೆ: ‘ನ್’ ಮತ್ತು ‘ಪೇ’ ನಡುವೆ ಝಡ್‌ಡಬ್ಲ್ಯೂಎನ್‌ಜೆ ಎಂಬ ಕಾಣದ ಸಂಕೇತ ಇರಬೇಕು, ಇಲ್ಲದಿದ್ದರೆ ಪಕಾರ ನಕಾರದ ಕಾಲಡಿಗೆ ಹೋಗುತ್ತದೆ. ಕೌಂಟರಿನಲ್ಲಿ ಟೈಪ್ ಮಾಡುವವರು ಒಮ್ಮೆ ಅದನ್ನು ಹಾಕುತ್ತಾರೆ, ಒಮ್ಮೆ ಬಿಡುತ್ತಾರೆ. ಹಾಗಾಗಿ ಊರನ್ನು ಟೈಪ್ ಮಾಡಿಸುವುದನ್ನೇ ನಿಲ್ಲಿಸಿ ಆಯ್ಕೆಪಟ್ಟಿ ಕೊಟ್ಟಿದ್ದೇವೆ. ಕನ್ನಡದ ಫಾರ್ಮ್ ಮಾಡುವ ಎಲ್ಲರಿಗೂ ಇದೇ ನನ್ನ ಸಲಹೆ.

ಇಷ್ಟು ಹೊಗಳಿದ ಮೇಲೂ ಹೇಳಲೇಬೇಕಾದ ಬೇಸರಗಳಿವೆ. ಗ್ಲಿಫ್ ಆಗಿ ಇಳಿದ ಪಠ್ಯ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಬರೀ ಆಕೃತಿ. ಅದರ ಬೆನ್ನಿಗೆ ಮೂಲ ಪಠ್ಯವನ್ನು ಸೇರಿಸುವ ‘ಆಕ್ಚುಯಲ್ ಟೆಕ್ಸ್ಟ್’ ಪ್ರಾಪರ್ಟಿ ಇದೆ, ಅದನ್ನು ನಾನು ಟ್ರೂ ಎಂದೇ ಬರೆದಿಡುತ್ತೇನೆ. ಆದರೆ ಪಿಡಿಎಫ್ ತೋರಿಸುವ ಎಲ್ಲ ಆ್ಯಪ್‌ಗಳೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಟ್ಟಿಗಳು ವಾಟ್ಸ್‌ಆ್ಯಪ್‌ನಲ್ಲಿ ಹೋಗುವ ಕಾಲ ಇದು. ಮಗನೋ ಮಗಳೋ ಫೋನಿನಲ್ಲಿ ಊರಿನ ಹೆಸರು ಹಾಕಿ ಹುಡುಕಿದರೆ ಸಿಗಬೇಕು, ಎಷ್ಟೋ ಫೋನುಗಳಲ್ಲಿ ಸಿಗುವುದಿಲ್ಲ. ಕಣ್ಣು ಕಾಣದವರಿಗೆ ಓದಿಹೇಳುವ ತಂತ್ರಾಂಶಕ್ಕೂ ಇದೇ ಗತಿ. ಇದು ನನ್ನನ್ನು ನಿಜವಾಗಿ ಕಾಡುತ್ತದೆ.

ಎತ್ತರದ ಕಿರಿಕಿರಿ ಇನ್ನೊಂದು. ಕನ್ನಡದ ಫಾಂಟಿಗೆ ಕೆಳಗಿನ ಒತ್ತಿಗೂ ಸೇರಿಸಿ ಹೆಚ್ಚು ಜಾಗ ಬೇಕು. ಇಂಗ್ಲಿಷಿಗೆ ಅಳೆದ ಪೆಟ್ಟಿಗೆಯಲ್ಲಿ ಸಾಲು ಹಿಡಿಸದಿದ್ದರೆ ಜಾಸ್ಪರ್ ಆ ಸಾಲನ್ನು ತೋರಿಸುವುದೇ ಇಲ್ಲ, ದೂರನ್ನೂ ಹೇಳುವುದಿಲ್ಲ. ಪೆಟ್ಟಿಗೆ ತಾನಾಗಿ ಬೆಳೆಯುವ ಆಯ್ಕೆಯನ್ನು ಪ್ರತಿ ಫೀಲ್ಡಿಗೂ ಹಾಕಿಡಿ. ಅಪ್ಲಿಕೇಶನ್ನನ್ನು ಸಣ್ಣ ಡಾಕರ್ ಇಮೇಜಿನಲ್ಲಿ (ಬೇಕಾದಷ್ಟನ್ನೇ ತುಂಬಿಟ್ಟ ತಂತ್ರಾಂಶದ ಕಟ್ಟಿನಲ್ಲಿ) ಓಡಿಸುವವರು ಫಾಂಟು ಹುಡುಕಿಕೊಡುವ ಫಾಂಟ್‌ಕಾನ್ಫಿಗ್ ಇದೆಯೇ ನೋಡಿಕೊಳ್ಳಿ. ಅದಿಲ್ಲದೆ ಎಡಬ್ಲ್ಯೂಟಿ ಏಳುವುದಿಲ್ಲ.

ಬೇರೆಯವನ್ನು ನೋಡಿಲ್ಲವೆಂದಲ್ಲ. ಥೈಮ್‌ಲೀಫ್‌ನಲ್ಲಿ ಎಚ್‌ಟಿಎಂಎಲ್ ಬರೆದು ಅದನ್ನು ಪಿಡಿಎಫ್ ಆಗಿಸುವ ಫ್ಲೈಯಿಂಗ್ ಸಾಸರ್‌ಗೆ ಕೊಡುವ ದಾರಿ ಬರೆಯುವವನಿಗೆ ಸುಖ, ಒತ್ತಿಗೆ ಅಲ್ಲ. ಐಟೆಕ್ಸ್ಟ್‌ನ ಪಿಡಿಎಫ್‌ಕ್ಯಾಲಿಗ್ರಾಫ್ ಕನ್ನಡವನ್ನು ಪಠ್ಯವಾಗಿಯೇ ಜೋಡಿಸುತ್ತದೆ, ಆದರೆ ಅದಕ್ಕೆ ವಾಣಿಜ್ಯ ಪರವಾನಗಿ ಬೇಕು. ಒಂದು ಮಂಡಿಯ ಬಜೆಟ್ಟಿಗೆ ಅದು ದೂರದ ಮಾತು. ಜಾಸ್ಪರ್ ಎಲ್‌ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿಯಲ್ಲಿದೆ. ಬ್ರೌಸರನ್ನು ಕೋಡಿನಿಂದ ನಡೆಸುವ ಪ್ಲೇರೈಟ್ ಮೂಲಕ ಕ್ರೋಮಿಯಮ್ ಬ್ರೌಸರಿನಿಂದಲೇ ಪಿಡಿಎಫ್ ತೆಗೆದರೆ ಅಕ್ಷರ ಅಂದವಾಗಿ ಬರುತ್ತದೆ, ಹುಡುಕಾಟವೂ ಇದಕ್ಕಿಂತ ವಾಸಿ. ಆದರೆ ನಮ್ಮ ಬಾಡಿಗೆ ಸರ್ವರಿನ ಮೆಮೊರಿ 2 ಜಿಬಿ. ವ್ಯಾಪಾರ ಮುಗಿದು ಎಲ್ಲರೂ ಒಟ್ಟಿಗೆ ಪಟ್ಟಿ ಕೇಳುವ ಹೊತ್ತಿನಲ್ಲಿ ಬ್ರೌಸರುಗಳನ್ನು ಏಳಿಸಿ ಕೂರಿಸುವ ಶಕ್ತಿ ಅದಕ್ಕಿಲ್ಲ. ಟೆಂಪ್ಲೇಟನ್ನು ಅಪ್ಲಿಕೇಶನ್ ಏಳುವಾಗ ಒಮ್ಮೆ ಕಂಪೈಲ್ ಮಾಡಿಟ್ಟರೆ ಜಾಸ್ಪರ್ ಆ ನೂಕುನುಗ್ಗಲನ್ನು ಸದ್ದಿಲ್ಲದೆ ದಾಟಿಸುತ್ತದೆ.

2024ರಲ್ಲಿ ಬಂದ ಜಾಸ್ಪರ್ 7ನೇ ಆವೃತ್ತಿ ಟೆಂಪ್ಲೇಟು ಬರೆಯುವ ಜೆಆರ್‌ಎಕ್ಸ್‌ಎಂಎಲ್ ಸ್ವರೂಪವನ್ನೇ ಬದಲಿಸಿದೆ. ಹಳೆಯ ಟೆಂಪ್ಲೇಟುಗಳನ್ನು ಜಾಸ್ಪರ್ ವಿನ್ಯಾಸದ ತಂತ್ರಾಂಶವಾದ ಸ್ಟುಡಿಯೋದ ಹೊಸ ಆವೃತ್ತಿಯಲ್ಲಿ ಪರಿವರ್ತಿಸಬೇಕು, ಪಿಡಿಎಫ್ ರಫ್ತಿಗೆ ಬೇರೆಯೇ ಜಾರ್ ಸೇರಿಸಬೇಕು. ಇಷ್ಟು ವರ್ಷ ಒಪ್ಪವಾಗಿ ತಿದ್ದಿಕೊಂಡು ಬಂದ ಕಡತಗಳಿಗೆ ಹೀಗೆ ಮಾಡಿದ್ದು ನನಗೆ ಹಿಡಿಸಿಲ್ಲ. ಹೊಸದಾಗಿ ಶುರುಮಾಡುವವರು 7ರಿಂದಲೇ ಶುರುಮಾಡಿ. ನಾನು ಈ ಸುಗ್ಗಿ ಮುಗಿಯುವವರೆಗೆ 6ರಲ್ಲೇ ಇರುತ್ತೇನೆ, ಮಳೆಗಾಲದ ಬಿಡುವಿನಲ್ಲಿ ಪಟ್ಟಿಯ ಟೆಂಪ್ಲೇಟಿನಿಂದ ಪರಿವರ್ತನೆ ಶುರು.