ಮೂರು ಹಳ್ಳಿ ಪಬ್‌ಗಳು: ಊಟಕ್ಕೆ ಯಾವುದು, ರಾತ್ರಿ ತಂಗಲು ಯಾವುದು

ಇಂಗ್ಲೆಂಡ್ ನೋಡಲು ಬರುವ ನಮ್ಮವರಿಗೆಲ್ಲ ನಾನು ಹೇಳುವ ಮಾತು ಒಂದೇ. ಒಂದು ರಾತ್ರಿಯಾದರೂ ಹಳ್ಳಿ ಪಬ್‌ನಲ್ಲಿ ತಂಗಿ. ಪಬ್ ಎಂದ ಕೂಡಲೇ ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಣ್ಮುಂದೆ ಬಂದರೆ ಅದನ್ನು ಪಕ್ಕಕ್ಕಿಡಿ. ಇಲ್ಲಿ ಹಳ್ಳಿ ಪಬ್ ಅಂದರೆ ಅಜ್ಜಿ, ಮೊಮ್ಮಗು, ನಾಯಿ ಎಲ್ಲ ಬಂದು ಕೂರುವ ಜಾಗ. ಕುಡಿಯದವರು ಒಂದು ಕಾಫಿ ಹಿಡಿದು ಗಂಟೆಗಟ್ಟಲೆ ಕೂತರೂ ಯಾರೂ ಏಳಿ ಅನ್ನುವುದಿಲ್ಲ. ಅಟ್ಟದ ಮೇಲೆ ಒಂದೆರಡು ಕೋಣೆಗಳಿದ್ದರೆ ಉಂಡು ಅಲ್ಲೇ ಮಲಗಬಹುದು.

ಆದರೆ ಯಾವ ಪಬ್? ಇವತ್ತು ನೋಡಲು ಸಿಗುವ ಹಳೆಯ ಪಬ್‌ಗಳೆಲ್ಲ ಯಾರೋ ಒಬ್ಬರು ಕೈಗೆತ್ತಿಕೊಂಡು ದುರಸ್ತಿ ಮಾಡಿಸಿದ್ದರಿಂದ ಉಳಿದವು. ಹಾಗೆ ಆಗದಿದ್ದರೆ ಏನಾಗುತ್ತದೆ ಎನ್ನುವುದನ್ನು 2023ರ ಆಗಸ್ಟ್‌ನಲ್ಲಿ ನಾವು ಬರ್ಮಿಂಗ್‌ಹ್ಯಾಮ್ ಸುತ್ತಮುತ್ತಲಿನವರೆಲ್ಲ ಕಂಡೆವು. ಹಿಮ್ಲಿಯ ‘ಕ್ರೂಕೆಡ್ ಹೌಸ್’, ಗಣಿಯಿಂದ ನೆಲ ಕುಸಿದು ಓರೆಯಾಗಿಯೇ ನಿಂತಿದ್ದ ಆ ಪಬ್, ಒಂದು ರಾತ್ರಿ ಬೆಂಕಿಗೆ ಸಿಕ್ಕಿತು. ಎರಡೇ ದಿನಕ್ಕೆ ಅದನ್ನು ಕೆಡವಿಯೂ ಹಾಕಿದರು. ನಾನಂತೂ ಅತ್ತಿದ್ದೆ.

ಉಳಿಸಿದವರಲ್ಲಿ ಮೂರು ಬಗೆ ಇದ್ದಾರೆ. ಪಾರಂಪರಿಕ ಕಟ್ಟಡಗಳನ್ನು ಕಾಯುವ ಟ್ರಸ್ಟ್, ಬಿಯರ್ ಮಾಡುವ ಬ್ರೂವರಿ ಕಂಪನಿ, ಮತ್ತು ಒಳ್ಳೆಯ ಊಟದ ಹೆಸರಿನಲ್ಲಿ ಜನರನ್ನು ಸೆಳೆಯುವ ಬಾಣಸಿಗ ಅಥವಾ ಹಣವಂತ ಮಾಲೀಕ. ಸಾಗರದಿಂದ ಅಪ್ಪ, ಅಮ್ಮ ಬಂದಿದ್ದಾಗ ಅವರನ್ನೂ ಕರೆದುಕೊಂಡು ನಾವು ಮೂರೂ ಬಗೆಯ ಕಡೆ ಉಂಡು, ಮಲಗಿ ನೋಡಿದೆವು. ಅಮ್ಮ ಮತ್ತು ನಾನು ಸಸ್ಯಾಹಾರಿಗಳು. ನನ್ನ ಗಂಡ ಎಲ್ಲವನ್ನೂ ತಿನ್ನುತ್ತಾರೆ. ಅಪ್ಪನಿಗೆ ಊಟಕ್ಕಿಂತ ಮಾತು ಮುಖ್ಯ. ಹಾಗಾಗಿ ಈ ಹೋಲಿಕೆ ನಾಲ್ಕು ಜನರ ಅನುಭವ.

ಮೊದಲನೆಯದು ವೂಸ್ಟರ್‌ಶೈರ್‌ನ ಬ್ರೆಟ್‌ಫರ್ಟನ್ ಊರಿನ ‘ಫ್ಲೀಸ್ ಇನ್’. ಈವ್‌ಶಮ್ ಪಟ್ಟಣದ ಪಕ್ಕದಲ್ಲೇ ಇದೆ. ಕಪ್ಪು ಮರದ ಚೌಕಟ್ಟು, ಬಿಳಿ ಗೋಡೆ, ಹುಲ್ಲಿನ ಮಾಡು. ಮೊದಲು ಇದು ಬರ್ಡ್ ಮನೆತನದ ತೋಟದ ಮನೆ. 1848ರಲ್ಲಿ ಹೆನ್ರಿ ಬರ್ಡ್ ಲೈಸೆನ್ಸ್ ತೆಗೆದುಕೊಂಡು ಪಬ್ ಮಾಡಿದ. ಅದೇ ವಂಶದ ಕೊನೆಯ ಹೆಣ್ಣುಮಗಳು ಲೋಲಾ ಟ್ಯಾಪ್ಲಿನ್ 1977ರಲ್ಲಿ ತೀರಿಕೊಂಡಾಗ ಮನೆ, ಪಾತ್ರೆ, ಪೀಠೋಪಕರಣ ಎಲ್ಲವನ್ನೂ ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಹೋದರು. ಪಬ್ ಪಬ್ ಆಗಿಯೇ ನಡೆಯಬೇಕು, ಆಲೂಗೆಡ್ಡೆ ಚಿಪ್ಸ್ ಪೊಟ್ಟಣ ಮಾತ್ರ ಮಾರಬಾರದು ಎಂದು ಅವರು ಷರತ್ತು ಹಾಕಿದ್ದರಂತೆ. ಊರಿನವರು ಈಗಲೂ ಅದನ್ನು ಪ್ರೀತಿಯಿಂದ ಹೇಳುತ್ತಾರೆ. 2004ರ ಫೆಬ್ರವರಿಯಲ್ಲಿ ಹುಲ್ಲಿನ ಮಾಡಿಗೆ ಬೆಂಕಿ ಬಿತ್ತು. ಚಿಮಣಿಯ ಕಿಡಿಯಿಂದ ಅನ್ನುತ್ತಾರೆ. ಮಾಡು ಹೋಯಿತು, ಆದರೆ ಒಳಗಿದ್ದ ಪ್ಯೂಟರ್ ಪಾತ್ರೆಗಳು ಉಳಿದವು. ಹಳೆಯ ಕೆಲಸದ ರೀತಿಯಲ್ಲೇ ಮತ್ತೆ ಕಟ್ಟಿ, 2005ರಲ್ಲಿ ಬಾಗಿಲು ತೆರೆದರು. ತವರ ಬೆರೆಸಿ ಮಾಡಿದ ಮಂಕು ಬೆಳ್ಳಿ ಬಣ್ಣದ ಆ ತಟ್ಟೆಗಳು ಕಪಾಟಿನಲ್ಲಿ ಸಾಲಾಗಿ ನಿಂತಿವೆ. ಅದೇ ಕೋಣೆಯಲ್ಲಿ ಕೂತು ನೀವು ಉಣ್ಣಬಹುದು.

ನನ್ನ ಮನಸ್ಸು ಗೆದ್ದದ್ದು ಪಾತ್ರೆಗಳಲ್ಲ, ಒಲೆಯ ಮುಂದಿನ ನೆಲ. ಚಿಮಣಿಯಿಂದ ಮಾಟಗಾತಿಯರು ಇಳಿದು ಬರಬಾರದು ಎಂದು ಒಲೆಯ ಮುಂದಿನ ಕಲ್ಲಿನ ಮೇಲೆ ಬಿಳಿ ವೃತ್ತಗಳನ್ನು ಬರೆಯುವ ಪದ್ಧತಿ ಇಲ್ಲಿತ್ತು. ಆ ವೃತ್ತಗಳನ್ನು ಇವತ್ತಿಗೂ ಅಳಿಸಲು ಬಿಟ್ಟಿಲ್ಲ. ಅಮ್ಮ ಬಗ್ಗಿ ನೋಡಿದವಳೇ, “ಇಲ್ಲೂ ರಂಗೋಲಿ ಹಾಕ್ತಾರಲ್ಲೇ!” ಅಂದಳು. ಬಾರ್‌ನಲ್ಲಿದ್ದ ಹುಡುಗಿಗೆ ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ಹೊರಗೆ ಬಂದು ಅಮ್ಮನ ಪಕ್ಕ ಕೂತು, ನಿಮ್ಮಲ್ಲಿ ಹೇಗೆ, ಯಾವುದರಲ್ಲಿ ಬರೆಯುತ್ತೀರಿ, ದಿನಾ ಬರೆಯುತ್ತೀರಾ ಎಂದೆಲ್ಲ ಕೇಳಿದಳು. ಅಮ್ಮನಿಗೆ ಇಂಗ್ಲಿಷ್ ಬಾರದು. ಟಿಶ್ಯೂ ಕಾಗದದ ಮೇಲೆ ಚುಕ್ಕಿ ಇಟ್ಟು ತೋರಿಸಿದಳು.

ಅಷ್ಟೊತ್ತಿಗೆ ಅಪ್ಪ ಕೌಂಟರ್ ಪಕ್ಕ ನಿಂತಿದ್ದ ಒಬ್ಬ ರೈತರ ಜೊತೆ ಮಾತಿಗೆ ಕೂತಾಗಿತ್ತು. ಈವ್‌ಶಮ್ ಕಣಿವೆ ಆಸ್ಪರಾಗಸ್‌ಗೆ ಹೆಸರುವಾಸಿ. ನಮ್ಮ ಶತಾವರಿಯ ಕುಲದ್ದೇ ಗಿಡ, ಇಲ್ಲಿ ಅದರ ಎಳೆಯ ಚಿಗುರನ್ನು ತಿನ್ನುತ್ತಾರೆ. ಏಪ್ರಿಲ್ 23ರ ಸೇಂಟ್ ಜಾರ್ಜ್ ದಿನದಿಂದ ಜೂನ್ 21ರ ಆಸುಪಾಸಿನವರೆಗೆ ಕೊಯ್ಲು. ನೆಟ್ಟ ಮೊದಲೆರಡು ವರ್ಷ ಕೈ ಹಚ್ಚುವಂತಿಲ್ಲ. ಜೂನ್ ಮುಗಿದ ಮೇಲೆ ಚಿಗುರನ್ನು ಕೊಯ್ಯದೆ ಬಿಟ್ಟರೆ ಅದು ಎಲೆ ಬಿಟ್ಟು ಬೇರಿಗೆ ಶಕ್ತಿ ತುಂಬುತ್ತದೆ, ಇಲ್ಲದಿದ್ದರೆ ಮುಂದಿನ ವರ್ಷ ಬೆಳೆ ಇಲ್ಲ. ಅಪ್ಪ ಅಡಿಕೆ ತೋಟದ ಲೆಕ್ಕ ಹೇಳಿದರು, ಆತ ಚಿಗುರು ಕೊಯ್ಯುವ ಬಾಗಿದ ಚಾಕುವಿನ ಅಳತೆ ಕೈಯಲ್ಲಿ ತೋರಿಸಿದ. ಅರ್ಧ ಮಾತು ನನ್ನ ಗಂಡ ಅನುವಾದಿಸಿದರು, ಉಳಿದರ್ಧ ಅವರಿಬ್ಬರಿಗೆ ಹೇಗೋ ಅರ್ಥವಾಯಿತು. ಮೇ ಕೊನೆಯಲ್ಲಿ ಆಸ್ಪರಾಗಸ್ ಕಟ್ಟುಗಳ ಹರಾಜು ನಡೆಯುವುದೂ ಇದೇ ಪಬ್‌ನಲ್ಲಿ.

ಎರಡನೆಯದು ಸಾಮರ್‌ಸೆಟ್‌ನ ನಾರ್ಟನ್ ಸೇಂಟ್ ಫಿಲಿಪ್‌ನಲ್ಲಿರುವ ‘ಜಾರ್ಜ್ ಇನ್’. ಬಾತ್ ನಗರದಿಂದ ದಕ್ಷಿಣಕ್ಕೆ ಏಳೆಂಟು ಮೈಲಿ. ಫ್ಲೀಸ್ ಮನೆಯಾಗಿದ್ದು ಪಬ್ ಆದದ್ದು. ಜಾರ್ಜ್ ಹುಟ್ಟಿನಿಂದಲೇ ತಂಗುದಾಣ. ಹತ್ತಿರದ ಹಿಂಟನ್ ಮಠದ ಸನ್ಯಾಸಿಗಳು ಉಣ್ಣೆ ವ್ಯಾಪಾರಕ್ಕೆ, ಸಂತೆಗೆ ಬರುವವರಿಗಾಗಿ ಮಧ್ಯಯುಗದಲ್ಲಿ ಕಟ್ಟಿಸಿದ್ದು. ಕೆಳಗೆ ಕಲ್ಲು, ಮೇಲೆ ಮರದ ಚೌಕಟ್ಟು, ಹಿಂದೆ ಅಂಗಳ. ಡೈರಿ ಬರೆದು ಹೆಸರಾದ ಸ್ಯಾಮ್ಯುಯಲ್ ಪೀಪ್ಸ್ 1668ರ ಜೂನ್‌ನಲ್ಲಿ ಈ ಊರಿನಲ್ಲಿ ಚೆನ್ನಾಗಿ ಉಂಡು ಹತ್ತು ಶಿಲ್ಲಿಂಗ್ ಕೊಟ್ಟಿದ್ದನ್ನು ಬರೆದಿಟ್ಟಿದ್ದಾನೆ. 1685ರಲ್ಲಿ ರಾಜನ ವಿರುದ್ಧ ದಂಗೆಯೆದ್ದ ಡ್ಯೂಕ್ ಆಫ್ ಮನ್ಮತ್‌ನ ಸೈನ್ಯ ಇಲ್ಲಿ ಕಾದಾಡಿತ್ತು. ಆಮೇಲೆ ಇದೇ ಊರಿನಲ್ಲಿ ಬಂಡಾಯಗಾರರನ್ನು ಗಲ್ಲಿಗೇರಿಸಿದರು. ಬ್ರೂವರಿ ಕಂಪನಿ ನಡೆಸುವ ಪಬ್ ಆದ್ದರಿಂದ ಎಲ್ಲಕ್ಕೂ ಒಂದು ವ್ಯವಸ್ಥೆ ಇದೆ. ಬುಕಿಂಗ್ ಆನ್‌ಲೈನ್, ಕೋಣೆಗಳು ಹಲವು, ಮೆನು ಅಚ್ಚುಕಟ್ಟು. ಇಷ್ಟು ಹಳೆಯ ಕಟ್ಟಡದಲ್ಲಿ ಮಲಗುವುದೇ ಒಂದು ಭಾಗ್ಯ. ಹಿಂಬದಿಯ ಹುಲ್ಲುಗಾವಲಿನಲ್ಲಿ ಊರಿನವರು ಕ್ರಿಕೆಟ್ ಆಡುತ್ತಾರೆ, ಅದರಾಚೆ ಚರ್ಚಿನ ಗೋಪುರ. ಇತಿಹಾಸದ ಹುಚ್ಚಿರುವವರು ಬೇರೆ ಯೋಚನೆ ಮಾಡದೆ ಇಲ್ಲಿಗೇ ಹೋಗಿ. ಬಾತ್ ಸುತ್ತಲು ಬಂದವರಿಗೂ ಇದೇ ಅನುಕೂಲ.

ಮೂರನೆಯದು ಕಾಟ್ಸ್‌ವೋಲ್ಡ್ಸ್ ಎಂಬ ಗುಡ್ಡಗಳ ಸೀಮೆಯಲ್ಲಿದೆ, ಹೆಸರು ಬೇಡ. ಬಾಣಸಿಗರು ಪಬ್ ಉಳಿಸಿದ ಒಳ್ಳೆಯ ಉದಾಹರಣೆಗಳು ಬೇಕಾದಷ್ಟಿವೆ. ಯಾರ್ಕ್‌ಶೈರ್‌ನ ಹಾರೋಮ್‌ನಲ್ಲಿ 1996ರಲ್ಲಿ ಆಂಡ್ರೂ ಪರ್ನ್ ‘ಸ್ಟಾರ್ ಇನ್’ ಅನ್ನು ಕೈಗೆತ್ತಿಕೊಂಡು, ಒಳ್ಳೆಯ ಅಡುಗೆಗೆ ಕೊಡುವ ಮಿಶೆಲಿನ್ ಸ್ಟಾರ್ ತನಕ ತಂದರು. 2021ರಲ್ಲಿ ಅದರ ಹುಲ್ಲಿನ ಮಾಡು ಸುಟ್ಟಾಗ ಮತ್ತೆ ಕಟ್ಟಿಸಿ ಮರುವರ್ಷವೇ ತೆರೆದರು. ನಾವು ಹೋದ ಪಬ್ ಅದೇ ದಾರಿ ಹಿಡಿದದ್ದು. ಕಲ್ಲಿನ ಗೋಡೆ ಉಜ್ಜಿ ಹೊಳೆಯಿಸಿದ್ದರು, ಕಿಟಕಿಗೆ ಬೂದು ಹಸಿರು ಬಣ್ಣ, ಕೋಣೆಯಲ್ಲಿ ಕಾಲಿರುವ ದೊಡ್ಡ ಬಾತ್‌ಟಬ್, ಲಿನನ್ ಹಾಸಿಗೆ. ಹಾಸಿಗೆಯ ಮಟ್ಟಿಗೆ ಮೂರರಲ್ಲಿ ಇದೇ ಮೇಲು. ಅಡುಗೆಯೂ ಹಾಗೆಯೇ. ಸುಟ್ಟ ಹೂಕೋಸಿನ ಮೇಲೆ ಕಂದು ಬೆಣ್ಣೆ ಮತ್ತು ಹೇಜಲ್‌ನಟ್ ಹಾಕಿ ಕೊಟ್ಟಿದ್ದರು, ನಾನು ಅಲ್ಲಿಯತನಕ ಹೂಕೋಸನ್ನು ಅಷ್ಟು ರುಚಿಯಾಗಿ ತಿಂದಿರಲಿಲ್ಲ.

ಆದರೆ ಪಬ್ ಎಲ್ಲಿ? ನಡುವಿನ ಗೋಡೆಗಳನ್ನು ತೆಗೆದು ಒಂದೇ ದೊಡ್ಡ ಊಟದ ಹಾಲ್ ಮಾಡಿದ್ದರು. ಬಾರ್ ಇತ್ತು, ಮುಂದೆ ನಿಲ್ಲಲು ಜಾಗ ಇರಲಿಲ್ಲ, ಸ್ಟೂಲ್ ಇರಲಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಐಪ್ಯಾಡ್ ಹಿಡಿದವರು ಬುಕಿಂಗ್ ಕೇಳಿದರು. ಸುತ್ತಲಿನ ಮೇಜುಗಳಲ್ಲಿ ನಮ್ಮ ಹಾಗೆ ಹೊರಗಿನಿಂದ ಬಂದವರೇ. ಅಪ್ಪ ಇಡೀ ಸಂಜೆ ಮಾತಿಗೆ ಜನ ಸಿಗದೆ ಸುಮ್ಮನೆ ಕೂತಿದ್ದರು. ಅಲ್ಲಿ ಇನ್ನೂ ಒಂದು ಬೇಸರ ಆಯಿತು. ಸಸ್ಯಾಹಾರಿ ಎಂದು ಬುಕ್ ಮಾಡುವಾಗಲೇ ಬರೆದಿದ್ದೆ. ಆದರೂ ಅಣಬೆಯ ತಟ್ಟೆಯ ಮೇಲೆ ಸುರಿದ ಸಾರು ಮಾಂಸದ ಮೂಳೆ ಕುದಿಸಿದ್ದು ಎಂದು ಅಮ್ಮ ಒಂದು ತುತ್ತು ಬಾಯಿಗಿಟ್ಟ ಮೇಲೆ ಗೊತ್ತಾಯಿತು. ಕ್ಷಮೆ ಕೇಳಿ ಬದಲಿಸಿದರು, ಬಿಲ್ ಕೂಡ ಇಳಿಸಿದರು. ಅಮ್ಮ ಮಾತ್ರ ಆ ರಾತ್ರಿ ಏನೂ ತಿನ್ನಲಿಲ್ಲ.

ನಮ್ಮ ಸಸ್ಯಾಹಾರಿಗಳು ಯಾವ ಪಬ್‌ಗೆ ಹೋದರೂ ಕೇಳಬೇಕಾದ ಕೆಲವು ಪ್ರಶ್ನೆಗಳಿವೆ, ಇಲ್ಲೇ ಹೇಳಿಬಿಡುತ್ತೇನೆ. ಗ್ರೇವಿ ಯಾವುದರದ್ದು? ಭಾನುವಾರದ ರೋಸ್ಟ್ ಊಟದಲ್ಲಿ ಆಲೂಗೆಡ್ಡೆ ಹುರಿದದ್ದು ಬಾತುಕೋಳಿಯ ಅಥವಾ ದನದ ಕೊಬ್ಬಿನಲ್ಲೋ, ಎಣ್ಣೆಯಲ್ಲೋ? ಚಿಪ್ಸ್ ಕರಿಯುವ ಬಾಣಲೆಯಲ್ಲೇ ಮೀನನ್ನೂ ಕರಿಯುತ್ತಾರಾ? ಸಿಹಿ ಪುಡ್ಡಿಂಗ್‌ನಲ್ಲಿ ಸೂಯಟ್ ಇದೆಯಾ? ಅದು ದನದ ಮೂತ್ರಪಿಂಡದ ಸುತ್ತಲಿನ ಕೊಬ್ಬು. ಈಗ ತರಕಾರಿ ಎಣ್ಣೆಯದ್ದೂ ಸಿಗುತ್ತದೆ, ಕೇಳಿದರೆ ಹೇಳುತ್ತಾರೆ. ಬಿಯರ್ ಕುಡಿಯುವವರಿಗೂ ಒಂದು ಮಾತು. ಪೀಪಾಯಿಯಿಂದ ಕೈಪಂಪಿನಲ್ಲಿ ಎಳೆದು ಕೊಡುವ ಕಾಸ್ಕ್ ಏಲ್ ಎಂಬ ಬಿಯರ್ ತಿಳಿಯಾಗಲೆಂದು ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಹಾಕುವ ಪದ್ಧತಿ ಇದೆ. ಗಿನ್ನೆಸ್ ಅದನ್ನು ಬಿಟ್ಟು ಕೆಲವು ವರ್ಷಗಳಾದವು. ಬಿಡದ ಬ್ರೂವರಿಗಳೂ ಇವೆ. ಇದ್ಯಾವುದರ ಯೋಚನೆಯೂ ಬೇಡವೆಂದರೆ ಪ್ಲೌಮನ್ಸ್ ತೆಗೆದುಕೊಳ್ಳಿ. ಒಂದು ದೊಡ್ಡ ತುಂಡು ಚೆಡ್ಡರ್, ದಪ್ಪ ಬ್ರೆಡ್, ವಿನೆಗರ್‌ನಲ್ಲಿ ನೆನೆಸಿದ ಈರುಳ್ಳಿ, ಚಟ್ನಿ, ಸೇಬು. ಹ್ಯಾಮ್, ಅಂದರೆ ಹಂದಿಮಾಂಸ, ಬೇಡ ಎಂದು ಮೊದಲೇ ಹೇಳಬೇಕು. ಚೀಸ್‌ನಲ್ಲಿ ಹಾಲು ಹೆಪ್ಪುಗಟ್ಟಿಸಲು ಹಾಕುವ ಕರುವಿನ ಹೊಟ್ಟೆಯ ರೆನೆಟ್ ಇರಬಾರದು ಅನ್ನುವವರು ಅದನ್ನೂ ಕೇಳಿಕೊಳ್ಳಬೇಕು. ಫ್ಲೀಸ್‌ನಲ್ಲಿ ನಾವು ಕೊಯ್ಲಿನ ಕಾಲಕ್ಕೆ ಹೋಗಿದ್ದರಿಂದ ಬೆಣ್ಣೆ ಹಾಕಿದ ಆಸ್ಪರಾಗಸ್ ಸಿಕ್ಕಿತು. ಚಿಗುರಿನ ಬುಡ ಕಚ್ಚಿದರೆ ಹಸಿ ಬಟಾಣಿಯ ಸಿಹಿ, ತುದಿ ನಾಲಿಗೆಯ ಮೇಲೆ ಬೆಣ್ಣೆಯ ಹಾಗೇ ಕರಗುತ್ತದೆ. ಅಮ್ಮ ಎರಡನೇ ತಟ್ಟೆ ಹೇಳಿಸಿಕೊಂಡಳು.

ಮಲಗುವ ವಿಷಯ. ಈ ಬಗೆಯ ಕಟ್ಟಡಗಳಲ್ಲಿ ಎಷ್ಟೋ ಸರ್ಕಾರದ ಸಂರಕ್ಷಣಾ ಪಟ್ಟಿಯಲ್ಲಿರುತ್ತವೆ. ಅಂಥ ಕಡೆ ಕಿಟಕಿ ಬದಲಿಸಬೇಕಾದರೂ ಸ್ಥಳೀಯ ಕೌನ್ಸಿಲ್ ಒಪ್ಪಿಗೆ ಬೇಕು. ಆದ್ದರಿಂದ ಲಿಫ್ಟ್ ಇರುವುದಿಲ್ಲ, ಮೆಟ್ಟಿಲು ಕಡಿದು, ಬಾಗಿಲು ಗಿಡ್ಡ, ಹಲಗೆಯ ನೆಲ ಕಿರುಗುಟ್ಟುತ್ತದೆ. ಮೊಣಕಾಲು ನೋವಿರುವ ಹಿರಿಯರು ಜೊತೆಗಿದ್ದರೆ ನೆಲಮಹಡಿಯ ಅಥವಾ ಕೊಟ್ಟಿಗೆಯನ್ನು ಮಾರ್ಪಡಿಸಿದ ಕೋಣೆ ಇದೆಯಾ ಎಂದು ವಿಚಾರಿಸಿ. ಬಾರ್‌ನ ನೆತ್ತಿಯ ಮೇಲಿನ ಕೋಣೆಯಾದರೆ ಹನ್ನೊಂದು ಗಂಟೆಯ ತನಕ ಕೆಳಗಿನ ಮಾತು ಕೇಳುತ್ತದೆ. ನನಗೆ ಅದು ಇಷ್ಟ, ನನ್ನ ಗಂಡನಿಗೆ ಇಲ್ಲ. ಆಯ್ಕೆಯ ದೃಷ್ಟಿಯಿಂದ ಜಾರ್ಜ್ ಮುಂದೆ. ಫ್ಲೀಸ್‌ನ ಹಳೆಯ ಮನೆಯೊಳಗೆ ಮಲಗಲು ಜಾಗ ತೀರಾ ಕಡಿಮೆ. ಬೇಸಿಗೆಯಲ್ಲಿ ತೋಟದಲ್ಲಿ ಡೇರೆ ಹಾಕುತ್ತಾರೆ. ಹಾಗಾಗಿ ತಿಂಗಳುಗಟ್ಟಲೆ ಮೊದಲೇ ಬುಕ್ ಮಾಡಬೇಕು. ದರದ ಅಂದಾಜು ಬೇಕೆಂದರೆ ಹಳ್ಳಿ ಪಬ್‌ಗಳಲ್ಲಿ ಇಬ್ಬರ ಕೋಣೆಗೆ ಬೆಳಗಿನ ತಿಂಡಿ ಸೇರಿ 100 ಪೌಂಡ್ ಆಸುಪಾಸಿನಿಂದ ಶುರು. ಮೂರನೆಯ ಬಗೆಯದ್ದು ವಾರಾಂತ್ಯದಲ್ಲಿ ಸುಲಭವಾಗಿ 250 ದಾಟುತ್ತದೆ.

ನನ್ನ ಆಯ್ಕೆ ಯಾವುದು ಎಂದು ಇಷ್ಟರಲ್ಲೇ ಗೊತ್ತಾಗಿರಬೇಕು. ತೊಲೆ, ಒಲೆ, ಕಲ್ಲು ಉಳಿದರೆ ಕಟ್ಟಡ ಉಳಿದ ಹಾಗೆ. ಮಂಗಳವಾರ ಸಂಜೆ ಊರಿನ ರೈತ ಕೆಸರಿನ ಬೂಟಿನಲ್ಲೇ ಬಂದು ಬಾರ್‌ಗೆ ಮೊಣಕೈ ಊರಿ ನಿಲ್ಲಬಹುದಾದರೆ ಮಾತ್ರ ಪಬ್ ಉಳಿದ ಹಾಗೆ. ಆ ಅಳತೆಯಲ್ಲಿ ಫ್ಲೀಸ್ ಮೊದಲು, ಜಾರ್ಜ್ ಅದರ ಬೆನ್ನಿಗೇ. ಮದುವೆಯ ವಾರ್ಷಿಕೋತ್ಸವ, ಇಬ್ಬರೇ ಹೋಗುವುದು, ಊಟವೇ ಮುಖ್ಯ ಅನ್ನುವವರು ಬಾಣಸಿಗರ ಪಬ್‌ಗೆ ಹೋಗಿ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಬೇಡ.

ಎಲ್ಲಿಗೆ ಹೋದರೂ ಒಂದು ಎಚ್ಚರಿಕೆ ಇರಲಿ. ಮೇಜಿನಲ್ಲಿ ಕೂತು ಮಾಣಿಗಾಗಿ ಕಾಯಬೇಡಿ. ಮೇಜಿನ ಸಂಖ್ಯೆ ನೆನಪಿಟ್ಟುಕೊಂಡು ಬಾರ್‌ಗೆ ಹೋಗಿ ಹೇಳಬೇಕು. ಮಧ್ಯಾಹ್ನದ ಅಡುಗೆ ಎರಡೂವರೆಗೆಲ್ಲ, ರಾತ್ರಿಯದು ಎಂಟೂವರೆ ಒಂಬತ್ತಕ್ಕೆಲ್ಲ ನಿಂತುಬಿಡುತ್ತದೆ. ಭಾನುವಾರ ರೋಸ್ಟ್ ಮುಗಿದ ಮೇಲೆ ಎಷ್ಟೋ ಕಡೆ ರಾತ್ರಿ ಒಲೆಯನ್ನೇ ಹೊತ್ತಿಸುವುದಿಲ್ಲ. ಭಾನುವಾರ ತಂಗುವವರು ಮೊದಲೇ ಫೋನ್ ಮಾಡಿ ಅಡುಗೆಮನೆ ಎಷ್ಟು ಹೊತ್ತಿನ ತನಕ ತೆರೆದಿರುತ್ತದೆ ಎಂದು ಕೇಳಿಕೊಳ್ಳಿ. ರಾತ್ರಿಗೆ ಒಂದು ತಟ್ಟೆ ಬ್ರೆಡ್, ಚೀಸ್ ಎತ್ತಿಡಿ ಎಂದರೆ ಅವರೂ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.