ಪೋರ್ಷೆ 964ರ ಎ.ಸಿ. ಯೂನಿಟ್: ಸೆನ್ಸರ್ ಬದಲಿಸಬೇಡಿ, ಸಣ್ಣ ಫ್ಯಾನ್ ಸಾಕು

ಪೋರ್ಷೆ 911ರ 964 ಮತ್ತು 993 ಮಾದರಿಗಳಲ್ಲಿ ಎ.ಸಿ., ಹೀಟರ್ ಎರಡನ್ನೂ ನಡೆಸುವ ಕಂಟ್ರೋಲ್ ಯೂನಿಟ್ ಡ್ಯಾಶ್‌ಬೋರ್ಡಿನಲ್ಲೇ ಇದೆ. ಅದರ ಮುಖದ ಸಣ್ಣ ಜಾಲರಿಯ ಹಿಂದೆ ಒಳಗಿನ ಬಿಸಿ ಅಳೆಯುವ ಸೆನ್ಸರ್, ಅದರ ಮೇಲೆ ಕ್ಯಾಬಿನ್ ಗಾಳಿ ಎಳೆದುಕೊಳ್ಳಲು ಒಂದು ಪುಟಾಣಿ ಫ್ಯಾನ್. ಆ ಫ್ಯಾನಿನ ಜಾಗಕ್ಕೆ ಹಾಕುವ ಮಿನಿ ಬ್ರಷ್‌ಲೆಸ್ (ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಇಲ್ಲದ) ಫ್ಯಾನ್ ಹೇಗಿದೆ ಎಂಬುದು ಈ ವಿಮರ್ಶೆ. ಐದಕ್ಕೆ ನಾಲ್ಕು ಕೊಡಬಹುದು. ಒಂದು ಅಂಕ ಕಳೆದದ್ದು ಫ್ಯಾನಿನ ತಪ್ಪಿಗಲ್ಲ, ಜೊತೆಗೆ ಕೂರಿಸುವ ಬಗ್ಗೆ ಒಂದು ಚೀಟಿಯೂ ಬರುವುದಿಲ್ಲ ಎಂಬುದಕ್ಕೆ.

ಮೊದಲು ಕಾಯಿಲೆ ಗೊತ್ತಾಗಬೇಕು. ಕಾರಿಗೆ ಸುಮಾರು ಮೂವತ್ತು ವರ್ಷ ವಯಸ್ಸು. ಫ್ಯಾನಿನ ಬೇರಿಂಗ್ ಒಣಗಿ, ನೂಲು-ಧೂಳು ಸುತ್ತಿಕೊಂಡು ನಿಂತುಹೋಗುತ್ತದೆ. ನಿಲ್ಲುವ ಮುಂಚೆ ಕೆಲವು ತಿಂಗಳು ಕಿರ್‍ರೆನ್ನುವುದೂ ಉಂಟು. ಗಾಳಿ ಓಡದಿದ್ದರೆ ಸೆನ್ಸರ್ ಓದುವುದು ಕ್ಯಾಬಿನ್ನಿನ ಬಿಸಿಯನ್ನಲ್ಲ, ಡ್ಯಾಶ್ ಒಳಗಿನ ಬಿಸಿಯನ್ನು. ಯೂನಿಟ್ ‘ಒಳಗೆ ಸೆಕೆ’ ಎಂದುಕೊಂಡು ಚಳಿಯಲ್ಲೂ ಹೀಟರ್ ಕಡಿಮೆ ಮಾಡುತ್ತದೆ. ಎಷ್ಟೋ ಗ್ಯಾರೇಜುಗಳಲ್ಲಿ ಇಡೀ ಯೂನಿಟ್ ಬದಲಿಸಲು ಹೇಳುವುದು ಇದೇ ಲಕ್ಷಣ ನೋಡಿ. ಅಷ್ಟು ದುಡ್ಡು ಸುರಿಯುವ ಮುಂಚೆ ಇಗ್ನಿಷನ್ ಹಾಕಿ, ಟಿಶ್ಯೂ ಪೇಪರಿನ ಒಂದು ಚೂರನ್ನು ಜಾಲರಿಗೆ ಹಿಡಿಯಿರಿ. ಅಂಟಿಕೊಂಡರೆ ಫ್ಯಾನ್ ಸರಿಯಿದೆ. ಉದುರಿದರೆ ಕೆಲಸ ಅಲ್ಲಿಯೇ.

ಕೊಳ್ಳುವಾಗ ‘12 ವೋಲ್ಟ್’ ಎಂದು ಕಣ್ಣುಮುಚ್ಚಿ ತರಬೇಡಿ. ಯೂನಿಟ್ ಹೊರಗೆಳೆದು, ಕನೆಕ್ಟರ್ ಬಿಚ್ಚದೆ, ಇಗ್ನಿಷನ್ ಹಾಕಿ, ಹಳೇ ಫ್ಯಾನಿನ ಎರಡು ಕಾಲುಗಳ ನಡುವೆ ಮಲ್ಟಿಮೀಟರ್ ಇಟ್ಟು ಎಷ್ಟು ವೋಲ್ಟ್ ಬರುತ್ತಿದೆ ನೋಡಿ. ಕಡಿಮೆ ವೋಲ್ಟಿನಲ್ಲಿ 12 ವೋಲ್ಟಿನ ಬ್ರಷ್‌ಲೆಸ್ ಫ್ಯಾನ್ ಶುರುವಾಗದೆ ಬರೀ ನಡುಗುತ್ತದೆ. ಗೂಡಿನ ಉದ್ದ, ಅಗಲ, ದಪ್ಪ ಮೂರನ್ನೂ ಅಳೆದುಕೊಳ್ಳಿ; ದಪ್ಪ ಒಂದು ಮಿಲಿಮೀಟರ್ ಹೆಚ್ಚಾದರೂ ಮುಚ್ಚಳ ಕೂರುವುದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಗಳಲ್ಲಿ ಇಂಥ ಫ್ಯಾನ್ ಸಿಗುತ್ತದೆ. ಸ್ಲೀವ್ ಬೇರಿಂಗಿನದು ಅಗ್ಗ, ಆದರೆ ಬಿಸಿ ಡ್ಯಾಶ್ ಒಳಗೆ ಎಣ್ಣೆ ಬೇಗ ಒಣಗುತ್ತದೆ. ಸ್ವಲ್ಪ ಹೆಚ್ಚು ಕೊಟ್ಟು ಬಾಲ್ ಬೇರಿಂಗಿನದನ್ನೇ ತನ್ನಿ.

ಜನ ಹೆಚ್ಚು ಎಡವುವುದು ದಿಕ್ಕಿನಲ್ಲಿ. ಗಾಳಿ ಕ್ಯಾಬಿನ್ನಿನಿಂದ ಒಳಕ್ಕೆ, ಸೆನ್ಸರ್ ಮೇಲೆ ಹಾದುಹೋಗಬೇಕು. ಬ್ರಷ್ ಇರುವ ಸಣ್ಣ ಮೋಟಾರಿಗೆ ವೈರ್ ಅದಲುಬದಲು ಮಾಡಿದರೆ ತಿರುಗುವ ದಿಕ್ಕು ಬದಲಾಗುತ್ತದೆ. ಬ್ರಷ್‌ಲೆಸ್‌ಗೆ ಹಾಗೆ ಮಾಡಿದರೆ ಅದು ತಿರುಗುವುದೇ ಇಲ್ಲ, ಸುಟ್ಟರೂ ಸುಟ್ಟೀತು. ಫ್ಯಾನನ್ನೇ ಮಗುಚಿ ಹಾಕಬೇಕು. ಚೌಕಟ್ಟಿನ ಮೇಲೆ ಬಾಣದ ಗುರುತಿದ್ದರೆ ಅದನ್ನು ನೋಡಿಕೊಳ್ಳಿ. ಉಲ್ಟಾ ಕೂರಿಸಿದರೆ ಡ್ಯಾಶ್ ಒಳಗಿನ ಬಿಸಿಗಾಳಿಯನ್ನೇ ಸೆನ್ಸರಿಗೆ ಊದಿದಂತೆ, ನಿಂತ ಫ್ಯಾನಿಗಿಂತಲೂ ಕಡೆ. ಬೆಸುಗೆಗೆ 60/40 ತವರ-ಸೀಸದ ತಂತಿ, 350 ಡಿಗ್ರಿ ಐರನ್, ಒಂದು ಕಾಲಿಗೆ ಮೂರು ಸೆಕೆಂಡು. ಬೋರ್ಡ್ ಹೊರಗಿರುವಾಗಲೇ ಬಿರುಕು ಬಿಟ್ಟ ಹಳೇ ಬೆಸುಗೆಗಳಿಗೂ ಒಮ್ಮೆ ಐರನ್ ತಾಗಿಸಿ. ಬೋರ್ಡ್ ಬಿಚ್ಚುವ ಮುಂಚೆ ಬ್ಯಾಟರಿ ಕಳಚುವುದನ್ನು ಹೇಳಬೇಕಾಗಿಲ್ಲ ತಾನೆ?

ಸೆನ್ಸರ್ ಹೋಗುವುದು ಅಪರೂಪ. ಅನುಮಾನವಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಐಸ್ ನೀರಿಗೆ, ಆಮೇಲೆ 50 ಡಿಗ್ರಿ ನೀರಿಗೆ ಇಳಿಸಿ ಮಲ್ಟಿಮೀಟರಿನಲ್ಲಿ ಓಮ್ (ವಿದ್ಯುತ್ ತಡೆ) ನೋಡಿ. ಬಿಸಿ ಏರಿದಂತೆ ಓಮ್ ನುಣ್ಣಗೆ ಇಳಿಯಬೇಕು. ನಡುವೆ ಜಿಗಿದರೆ ಕೆಟ್ಟಿದೆ. ‘10 ಕಿಲೋ ಓಮ್’ ಎಂದಷ್ಟೇ ಬರೆದ ಅಗ್ಗದ ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ಓಮ್ ಬದಲಾಗುವ ಬಿಡಿಭಾಗ) ಹಾಕಬೇಡಿ. 25 ಡಿಗ್ರಿಯಲ್ಲಿ 10 ಕಿಲೋ ಇರುವುದು, ಬೀಟಾ (ಬಿಸಿ ಏರಿದಂತೆ ಓಮ್ ಎಷ್ಟು ಬೇಗ ಇಳಿಯುತ್ತದೆ ಎಂದು ಹೇಳುವ ಸಂಖ್ಯೆ) 3950 ಆದರೆ, 50 ಡಿಗ್ರಿಯಲ್ಲಿ ಸುಮಾರು 3.6 ಕಿಲೋಗೆ ಇಳಿಯುತ್ತದೆ. ಬೀಟಾ ಬೇರೆಯಾದರೆ ಲೆಕ್ಕವೂ ಬೇರೆ. ಒಂದು ಬಿಂದುವಿನಲ್ಲಿ ಹೊಂದಿದ್ದು ಇನ್ನೊಂದರಲ್ಲಿ ಕೆಲವು ಡಿಗ್ರಿ ಸುಳ್ಳು ಹೇಳುತ್ತದೆ.

ಒಂದು ಪಕ್ಕ ಬಿಸಿ, ಇನ್ನೊಂದು ಪಕ್ಕ ತಣ್ಣಗೆ ಬರುತ್ತಿದ್ದರೆ ಈ ಫ್ಯಾನಿನಿಂದ ಏನೂ ಆಗದು. ಅದು ಬಿಸಿ-ತಣ್ಣನೆ ಗಾಳಿ ಬೆರೆಸುವ ಎಡ-ಬಲದ ಮಿಕ್ಸಿಂಗ್ ಚೇಂಬರಿನ ಕೆಲಸ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಅಲ್ಲಿನ ಎರಡು ಸೆನ್ಸರುಗಳ ಓಮ್ ಹೆಚ್ಚುಕಮ್ಮಿ ಒಂದೇ ಇರಬೇಕು. ತುಂಬ ದೂರವಿದ್ದರೆ ಮೊದಲು ಕನೆಕ್ಟರಿನ ಕಿಲುಬು ತೆಗೆಯಿರಿ.

ಐಡಲ್‌ನಲ್ಲಿ ಬಿಸಿಯೇ ಬರದೆ, ಓಡಿಸುವಾಗ ಮಾತ್ರ ಬರುವುದೂ ಸೆನ್ಸರ್ ದೋಷವಲ್ಲ. ಇದು ಏರ್-ಕೂಲ್ಡ್, ಅಂದರೆ ನೀರಿನ ಬದಲು ಗಾಳಿಯಿಂದ ತಣಿಯುವ ಎಂಜಿನ್. ಬಿಸಿ ಬರುವುದು ಎಕ್ಸಾಸ್ಟ್ ಸುತ್ತಲಿನ ಹೀಟ್ ಎಕ್ಸ್‌ಚೇಂಜರಿನಿಂದ, ಕಡಿಮೆ ಆರ್‌ಪಿಎಮ್‌ನಲ್ಲಿ ಅದನ್ನು ತಳ್ಳುವುದು ಎಂಜಿನ್ ಕೋಣೆಯ ಬ್ಲೋವರ್. ಹಿಂದಿನ ಮಾಲೀಕರು ತೂಕ ಇಳಿಸುವ ಹುಮ್ಮಸ್ಸಿನಲ್ಲಿ ಆ ಬ್ಲೋವರನ್ನೇ ಕಿತ್ತುಹಾಕಿಸಿದ್ದಾರೋ ಏನೋ, ಹಿಂದಿನ ಎಂಜಿನ್ ಮುಚ್ಚಳ ಎತ್ತಿ ನೋಡಿ.