ಸೋಮವಾರ ಮುಂಜಾನೆ 82 ಕಂಪ್ಯೂಟರಿಗೆ ಒಮ್ಮೆಲೇ ಸಾಫ್ಟ್‌ವೇರ್ ಕಳಿಸಬೇಡಿ

ತಾಲೂಕು ಊರುಗಳಲ್ಲಿ ಶಾಖೆಗಳಿರುವ ಸಂಸ್ಥೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಇದನ್ನೊಂದು ಓದಿಬಿಡಿ. ತಪ್ಪು ನನ್ನದೇ. ಬಯ್ಯಬೇಕಾದವರು ಆಗಲೇ ಬಯ್ದು ಮುಗಿಸಿದ್ದಾರೆ.

ನಾನಿರುವುದು ಕಲಬುರಗಿಯ ಒಂದು ಪತ್ತಿನ ಸಂಘದ ಮುಖ್ಯ ಕಚೇರಿಯಲ್ಲಿ. ಆ ಕಡೆ ಔರಾದ್, ಈ ಕಡೆ ಸುರಪುರ, ನಡುವೆ ಆಳಂದ, ಸೇಡಂ, ಚಿಂಚೋಳಿ ಅಂತ ಒಟ್ಟು 14 ಶಾಖೆ, 82 ಕಂಪ್ಯೂಟರ್. ಕೌಂಟರ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿತ್ತು, ಇನ್‌ಸ್ಟಾಲರ್ 640 ಎಂಬಿ. ಮುಖ್ಯ ಕಚೇರಿಯ ನಾಲ್ಕು ಯಂತ್ರಗಳಲ್ಲಿ ಹಾಕಿ ನೋಡಿದೆ. ಫೈಲು ಬರಲು ಹತ್ತು ಸೆಕೆಂಡು, ಕೂರಲು ಎರಡು ನಿಮಿಷ. ಅಷ್ಟಕ್ಕೇ ಖುಷಿಯಾಗಿ, ಗ್ರೂಪ್ ಪಾಲಿಸಿಯಲ್ಲಿ (ಒಂದೇ ಕಡೆ ಕೂತು ಎಲ್ಲ ಯಂತ್ರಗಳಿಗೂ ಆದೇಶ ಕೊಡುವ ವಿಂಡೋಸ್ ಸೌಲಭ್ಯ) ಎಲ್ಲ ಶಾಖೆಗಳಿಗೂ ಹಚ್ಚಿಬಿಟ್ಟೆ. ಭಾನುವಾರ ರಾತ್ರಿ ಸರ್ವರನ್ನೂ ಹೊಸ ಆವೃತ್ತಿಗೆ ಬದಲಿಸಿ ಮಲಗಿದೆ. ಅದು ಜನವರಿ. ತೊಗರಿ ರಾಶಿ ಮುಗಿದು ರೈತರ ಕೈಗೆ ದುಡ್ಡು ಬಂದು, ಸಾಲ ಕಟ್ಟುವವರು ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲುವ ಕಾಲ.

ಹತ್ತು ಗಂಟೆಗೆ ಸೇಡಂನಿಂದ ಮೊದಲ ಫೋನು. "ಸರ್, ಕಂಪ್ಯೂಟರ್ ಚಾಲೂ ಮಾಡೀವ್ರಿ, ಲಾಗಿನ್ನೇ ಬರವಲ್ದು. ಏನೋ ಇನ್‌ಸ್ಟಾಲ್ ಆಗ್ಲಕತ್ತದ ಅಂತ ತೋರಿಸಿ ಹಂಗೇ ನಿಂತದ." ಐದು ನಿಮಿಷ ತಡೀರಿ ಅಂದೆ. ಹತ್ತೂಕಾಲಿನ ಹೊತ್ತಿಗೆ ಒಂಬತ್ತು ಶಾಖೆಯವರು ಅದನ್ನೇ ಹೇಳುತ್ತಿದ್ದರು.

ಆಗ ಕಾಗದ ತೆಗೆದು ಲೆಕ್ಕ ಹಾಕಿದೆ. ಹಿಂದಿನ ವಾರವೇ ಹಾಕಬೇಕಿತ್ತು. ಲೈನಿನ ವೇಗ ಹೇಳುವುದು ಬಿಟ್‌ನಲ್ಲಿ, ಫೈಲಿನ ಗಾತ್ರ ಬೈಟ್‌ನಲ್ಲಿ. ಒಂದು ಬೈಟಿಗೆ ಎಂಟು ಬಿಟ್, ಅಂದರೆ ಎಂಟರಿಂದ ಗುಣಿಸಬೇಕು. ಶಾಖೆಗೆ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಲೈನು ಪೂರ್ತಿ ಸಿಕ್ಕರೂ ಒಂದು ಯಂತ್ರಕ್ಕೆ 640 ಎಂಬಿ ಇಳಿಯಲು 43 ನಿಮಿಷ ಬೇಕು. ಪೂರ್ತಿ ಎಲ್ಲಿ ಸಿಗಬೇಕು? ನಮ್ಮ ಮುಖ್ಯ ಕಚೇರಿಯಿಂದ ಹೊರಗೆ ಹೋಗುವ ಲೈನೇ 10 ಎಂಬಿಪಿಎಸ್. 82 ಯಂತ್ರ ಅಂದರೆ 52 ಜಿಬಿ ಚಿಲ್ಲರೆ. ಒಂದು ಬಿಟ್ಟೂ ಹಾಳಾಗದೆ ಹೋದರೂ ಹನ್ನೊಂದೂವರೆ ಗಂಟೆ. ಅಷ್ಟು ಹೊತ್ತೂ ರಸೀದಿ, ಪಾಸ್‌ಬುಕ್ ನಮೂದು ಎಲ್ಲ ಅದೇ ಲೈನಿನಲ್ಲೇ ತೆವಳಬೇಕು. ರಿಮೋಟ್‌ನಲ್ಲಿ ಒಳಹೊಕ್ಕು ಸರಿಮಾಡೋಣವೆಂದರೆ ಆ ಸಂಪರ್ಕವೂ ಅದೇ ಲೈನಿನ ಮೇಲೆ ಬರುವಂಥದ್ದು.

ಇನ್ನೊಂದು ಸಂಗತಿ ನನಗೆ ಅನುಭವದಿಂದಲೇ ತಿಳಿಯಬೇಕಿತ್ತು. ಹೀಗೆ ಕಂಪ್ಯೂಟರಿಗೆ ಹಚ್ಚಿದ ಸಾಫ್ಟ್‌ವೇರ್ ಬೂಟ್ ಆಗುವಾಗಲೇ, ಲಾಗಿನ್‌ಗೂ ಮುಂಚೆ ಇಳಿಯುತ್ತದೆ. ಅದು ಮುಗಿಯುವ ತನಕ ಬಳಸುವವರ ಕೈಗೆ ಯಂತ್ರವೇ ಸಿಗುವುದಿಲ್ಲ. ಅರ್ಧ ಗಂಟೆ ಕಾದವರು ಏನು ಮಾಡುತ್ತಾರೆ? ಸ್ವಿಚ್ ಆಫ್ ಮಾಡಿ ಆನ್ ಮಾಡುತ್ತಾರೆ. ಶೇರ್ ಫೋಲ್ಡರಿನಿಂದ ಅರ್ಧ ಇಳಿದಿದ್ದ ಫೈಲು ಬಿಟ್ಟಲ್ಲಿಂದ ಮುಂದುವರಿಯುವುದಿಲ್ಲ, ಮತ್ತೆ ಸೊನ್ನೆಯಿಂದ. ಔರಾದ್‌ನಲ್ಲಿ ಕರೆಂಟೂ ಹೋಯಿತು, ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ. ಹಳೇ ಸಾಫ್ಟ್‌ವೇರ್ ಹೋಗಿ ಹೊಸದು ಬಾರದೆ ಮೂರು ಯಂತ್ರ ನಡುನೀರಿನಲ್ಲಿ ನಿಂತವು. ಅಲ್ಲಿಯ ಮ್ಯಾನೇಜರ್ ಫೋನನ್ನು ಕೌಂಟರಿನ ಮುಂದೆ ಕುಳಿತ ಹಿರಿಯರೊಬ್ಬರ ಕೈಗೇ ಕೊಟ್ಟುಬಿಟ್ಟರು. "ತಮ್ಮಾ, ರೊಕ್ಕ ಬೇಡೋಕ ಬಂದಿಲ್ಲ, ಕಟ್ಟಲಾಕ ಬಂದೀನಿ. ಅದಕ್ಕೂ ತಡೀಬೇಕೇನು?" ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಸೋಲೊಪ್ಪಿ ಸರ್ವರನ್ನು ಹಳೇ ಆವೃತ್ತಿಗೆ ಇಳಿಸಿದೆ. ಪಾಲಿಸಿ ತೆಗೆದೆ. ನೆಟ್‌ವರ್ಕ್ ಕೇಬಲ್ ಕಿತ್ತು, ಯಂತ್ರ ಚಾಲೂ ಮಾಡಿ, ಲಾಗಿನ್ ಆದಮೇಲೆ ಕೇಬಲ್ ಹಾಕಿ ಎಂದು ಒಂದೊಂದೇ ಶಾಖೆಗೆ ಹೇಳುತ್ತಾ ಹೋದೆ. ಏನೂ ಮಾಡದೆ ತಟ್ಟನೆ ಎದ್ದು ನಿಂತದ್ದು ಎಲ್ಲಕ್ಕಿಂತ ಕೆಟ್ಟ ಲೈನಿನ ಸುರಪುರ ಶಾಖೆ! 500 ಕೆಬಿಪಿಎಸ್‌ಗಿಂತ ನಿಧಾನವಾದ ಸಂಪರ್ಕ ಕಂಡರೆ ಗ್ರೂಪ್ ಪಾಲಿಸಿ ಸಾಫ್ಟ್‌ವೇರ್ ಹಾಕುವ ಕೆಲಸವನ್ನೇ ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಅದರ ಮೂಲ ಸೆಟ್ಟಿಂಗೇ ಹಾಗೆ. ಅಲ್ಲಿ ಹಳೆಯದು ಹಾಗೇ ಉಳಿದಿತ್ತು, ಸರ್ವರ್ ಹಳೆಯದಕ್ಕೆ ಮರಳುತ್ತಲೇ ಹೊಂದಿಕೊಂಡಿತು. ಮುಖ್ಯ ಕಚೇರಿಯ ಕೌಂಟರಿನವರು ಮಾತ್ರ ಹೊಸದರಲ್ಲೇ ಮುಂಜಾನೆಯಿಂದ ನಲವತ್ತು ಚಿಲ್ಲರೆ ರಸೀದಿ ಹರಿದಿದ್ದರು. ಸರ್ವರ್ ಹಳೆಯದಕ್ಕೆ ಇಳಿದಾಗ ಅವು ಅದರಲ್ಲಿ ಉಳಿಯಲಿಲ್ಲ, ಅವನ್ನೆಲ್ಲ ಸಂಜೆ ಕೂತು ಕೈಯಲ್ಲೇ ಮತ್ತೆ ಹೊಡೆದೆವು.

ಕೆಟ್ಟ ಯಂತ್ರಗಳಿಗೆ ಪೆನ್‌ಡ್ರೈವೇ ಗತಿ. ಚಿಂಚೋಳಿಯದನ್ನು ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸಿದೆ. ಸಾಫ್ಟ್‌ವೇರ್ ಬಿಟ್ಟು ಅದರಲ್ಲಿ ಬೇರೇನೂ ಇರಲಿಲ್ಲ, ಗ್ರಾಹಕರ ಮಾಹಿತಿಯಾಗಿದ್ದರೆ ಹಾಗೆ ಖಂಡಿತ ಮಾಡಬಾರದು. ಔರಾದ್‌ಗೆ ನಾನೇ ಹೊರಟೆ: ಬೀದರ್ ತನಕ ರೈಲು, ಅಲ್ಲಿಂದ ಬಸ್ಸು. 640 ಎಂಬಿ ಜೇಬಿನಲ್ಲಿಟ್ಟುಕೊಂಡು ಹೋದವನು ನಮ್ಮ ಲೈನಿಗಿಂತ ಬೇಗ ಮುಟ್ಟಿದೆ.

ಏಪ್ರಿಲ್‌ನಲ್ಲಿ ಮತ್ತೆ ಹಾಕಬೇಕಾಯಿತು. ಮೊದಲು ಸಾಫ್ಟ್‌ವೇರ್ ಮಾಡಿದವರನ್ನು ಹಿಡಿದು ಕೇಳಿದೆ, ಇದರಲ್ಲಿ ನಿಜಕ್ಕೂ ಬದಲಾದದ್ದು ಎಷ್ಟು? 38 ಎಂಬಿ ಅಂತೆ! ಉಳಿದದ್ದೆಲ್ಲ ನಮ್ಮ ಯಂತ್ರಗಳಲ್ಲಿ ಆಗಲೇ ಇದ್ದ ಸಾಮಾನು. 2 ಎಂಬಿಪಿಎಸ್‌ನಲ್ಲಿ ಎರಡೂವರೆ ನಿಮಿಷದ ಮಾತು. ಈ ಒಂದು ಪ್ರಶ್ನೆ ಜನವರಿಯಲ್ಲೇ ಕೇಳಿದ್ದರೆ ಇಷ್ಟುದ್ದ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಫೈಲು ಸಾಗಿಸುವ ದಿನ ಬೇರೆ, ಇನ್‌ಸ್ಟಾಲ್ ಮಾಡುವ ದಿನ ಬೇರೆ ಮಾಡಿದೆ. ಶಾಖೆಗೆ ಒಂದೇ ಪ್ರತಿ, ಮ್ಯಾನೇಜರ್ ಯಂತ್ರಕ್ಕೆ ಮಾತ್ರ. ಉಳಿದವು ಶಾಖೆಯೊಳಗಿನ ನೆಟ್‌ವರ್ಕ್‌ನಲ್ಲೇ ಅದರಿಂದ ತೆಗೆದುಕೊಳ್ಳುತ್ತವೆ. ಸಾಗಿಸಲು ಬಿಟ್ಸ್ (BITS) ಬಳಸಿದೆ. ಎಕ್ಸ್‌ಪಿ ಕಾಲದಿಂದ ವಿಂಡೋಸ್ ಒಳಗೇ ಇರುವ, ಹಿನ್ನೆಲೆಯಲ್ಲಿ ಫೈಲು ಸಾಗಿಸುವ ಸೇವೆ ಅದು, ಲೈನು ಹೋಗಿ ಬಂದರೆ ನಿಂತಲ್ಲಿಂದ ಮುಂದುವರಿಸುತ್ತದೆ. ಆದರೆ ಅದನ್ನೂ ಕಣ್ಣು ಮುಚ್ಚಿ ನಂಬಬೇಡಿ. ಲೈನು ಖಾಲಿ ಇದೆಯೋ ಇಲ್ಲವೋ ಎಂದು ಅದು ನೋಡುವುದು ಮುಖ್ಯವಾಗಿ ತನ್ನ ಯಂತ್ರದ ನೆಟ್‌ವರ್ಕ್ ಕಾರ್ಡಿನಲ್ಲಿ, ಪಕ್ಕದ ಕೌಂಟರಿನ ಪರದಾಟ ಅದಕ್ಕೆ ಕಾಣುವುದಿಲ್ಲ. ಗ್ರೂಪ್ ಪಾಲಿಸಿಯಲ್ಲಿ ಅದಕ್ಕೆ ಮಿತಿ ಹಾಕಲು ಬರುತ್ತದೆ, ನಾನು 256 ಕೆಬಿಪಿಎಸ್ ಇಟ್ಟೆ. ಬರೀ ಕಾಪಿ ಮಾಡುವವರಿದ್ದರೆ ವಿಂಡೋಸ್‌ನದೇ ರೋಬೋಕಾಪಿ ಆದೇಶದಲ್ಲಿ ಝೆಡ್ (/Z) ಆಯ್ಕೆ ಹಾಕಿ, ಅದೂ ತುಂಡಾದಲ್ಲಿಂದ ಶುರು ಮಾಡುತ್ತದೆ. ಬಂದ ಫೈಲಿನ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ವಿಂಡೋಸ್‌ನ ಸರ್ಟ್‌ಯುಟಿಲ್ ಆದೇಶದಲ್ಲಿ ತೆಗೆದು ಮೂಲದ್ದಕ್ಕೆ ಹೋಲಿಸದೆ ಇನ್‌ಸ್ಟಾಲ್‌ಗೆ ಕೈ ಹಾಕಬೇಡಿ.

ಸರ್ವರ್ ಎರಡು ವಾರ ಹಳೆಯದನ್ನೂ ಹೊಸದನ್ನೂ ಒಪ್ಪಿಕೊಳ್ಳುವಂತೆ ಮಾಡಿಸಿಕೊಂಡೆ. ಇದಕ್ಕೆ ಸಾಫ್ಟ್‌ವೇರಿನವರು ಆಗಲ್ಲ ಅಂದರು, ನಾನು ಹಾಗಾದರೆ ಹಾಕಲ್ಲ ಅಂದೆ, ಆಮೇಲೆ ಆಯಿತು. ಪರೀಕ್ಷೆ ಮಾತ್ರ ಈ ಸಲ ಸುರಪುರದಲ್ಲಿ, ಅದೂ ಸೋಮವಾರ ಹನ್ನೊಂದು ಗಂಟೆಗೆ, ಅಲ್ಲಿಯ ಕ್ಯಾಶಿಯರ್ ಪಕ್ಕದಲ್ಲೇ ಕೂತು.

ಔರಾದ್ ಮ್ಯಾನೇಜರ್ ನನ್ನ ಪೆನ್‌ಡ್ರೈವ್ ಇನ್ನೂ ವಾಪಸ್ ಕೊಟ್ಟಿಲ್ಲ. ಕೇಳಿದರೆ, "ಇರ್ಲಿ ಬಿಡ್ರಿ ಸರ್, ತಿಜೋರಿದಾಗ ಇಟ್ಟೀನಿ" ಅಂತಾರೆ.